ಆಯುಸ್ಸಿನ ಲೆಕ್ಕ: ದೋರಸಮುದ್ರದ ಮೂರು ಬಸದಿಗಳು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಿದ ಯಾತ್ರಿಕರಲ್ಲಿ ಕೆಲವರು ಮಾತ್ರ ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಬಸದಿಹಳ್ಳಿಗೆ ಹೋಗುತ್ತಾರೆ. ಹೊಯ್ಸಳರ ರಾಜಧಾನಿ ದೋರಸಮುದ್ರದ ವೈಭವ ಅಳಿದು ಏಳು ಶತಮಾನಗಳಾದರೂ ಅಲ್ಲಿ ಒಂದೇ ಆವರಣದಲ್ಲಿ ಮೂರು ಜಿನಾಲಯಗಳು ಉಳಿದು ನಿಂತಿವೆ. ಪಾರ್ಶ್ವನಾಥ ಬಸದಿಯನ್ನು ಕ್ರಿ.ಶ. 1133ರಲ್ಲಿ ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ ಕಟ್ಟಿಸಿದನು. ಶಾಂತಿನಾಥ ಬಸದಿ 12ನೆಯ ಶತಮಾನದ ಕೊನೆಯ ಭಾಗದ್ದು. ಇವೆರಡರ ನಡುವೆ ಆದಿನಾಥ ಬಸದಿ ಇದೆ. ಮೂರರಲ್ಲಿ ಅದೇ ಚಿಕ್ಕದು.

ಶಿಲ್ಪಪ್ರಿಯರು ಪಾರ್ಶ್ವನಾಥ ಬಸದಿಯ ನಯವಾದ ಕಂಬಗಳಲ್ಲಿ ತಮ್ಮ ಪ್ರತಿಬಿಂಬವನ್ನು ಕಂಡು ಬೆರಗಾಗುತ್ತಾರೆ. ಪುರಾಣವನ್ನು ಬಲ್ಲ ಶ್ರಾವಕನಿಗೆ ಅಲ್ಲಿ ಇನ್ನೊಂದು ಬೆರಗು ಕಾದಿದೆ. ಭಗವಾನ್ ಆದಿನಾಥರ ಆಯುಸ್ಸು 84 ಲಕ್ಷ ಪೂರ್ವ. ಶಾಂತಿನಾಥರದು 1 ಲಕ್ಷ ವರ್ಷ. ಪಾರ್ಶ್ವನಾಥರದು ಕೇವಲ 100 ವರ್ಷ. ಮನುಷ್ಯನು ಎಣಿಸಲಾರದ ಆಯುಸ್ಸು, ಕಲ್ಪಿಸಿಕೊಳ್ಳಬಹುದಾದ ಆಯುಸ್ಸು, ಇಂದಿಗೂ ಅಪರೂಪಕ್ಕೆ ಕಾಣಸಿಗುವ ಆಯುಸ್ಸು—ಮೂರೂ ಕೆಲವು ಹೆಜ್ಜೆಗಳ ಅಂತರದಲ್ಲಿ ನಿಂತಿವೆ. ಅತಿ ದೀರ್ಘಾಯುವಿನ ಬಸದಿಯೇ ಅತಿ ಚಿಕ್ಕದಾಗಿರುವುದು ಆಕಸ್ಮಿಕವಿರಬಹುದು. ಆದರೆ ಆಯುಸ್ಸಿನ ಉದ್ದಕ್ಕೂ ಅದರ ಬೆಲೆಗೂ ಇರುವ ಸಂಬಂಧವೇನು ಎಂಬ ಪ್ರಶ್ನೆಯನ್ನು ಈ ಆವರಣ ತಾನಾಗಿಯೇ ಎತ್ತುತ್ತದೆ.

ದೀರ್ಘಾಯುಗಳ ಲೋಕಗಳು

ಮೊದಲು ಅಂಕಿಗಳನ್ನು ಸರಿಯಾಗಿ ತಿಳಿಯಬೇಕು. 84 ಲಕ್ಷ ವರ್ಷಗಳಿಗೆ ಒಂದು ಪೂರ್ವಾಂಗ. 84 ಲಕ್ಷ ಪೂರ್ವಾಂಗಗಳಿಗೆ ಒಂದು ಪೂರ್ವ. ಗುಣಿಸಿದರೆ ಒಂದು ಪೂರ್ವಕ್ಕೆ 70,56,000 ಕೋಟಿ ವರ್ಷಗಳಾಗುತ್ತವೆ. ಅಂತಹ 84 ಲಕ್ಷ ಪೂರ್ವಗಳು ಆದಿನಾಥರ ಆಯುಸ್ಸು. ದೇಹದ ಎತ್ತರವೂ ಆಯುಸ್ಸಿನೊಡನೆ ಇಳಿಯುತ್ತ ಬರುತ್ತದೆ. ಆದಿನಾಥರಿಗೆ 500 ಧನುಸ್ಸು, ಶಾಂತಿನಾಥರಿಗೆ 40 ಧನುಸ್ಸು, ಪಾರ್ಶ್ವನಾಥರಿಗೆ 9 ಹಸ್ತ, ವರ್ಧಮಾನ ಮಹಾವೀರರಿಗೆ 7 ಹಸ್ತ. ನಾಲ್ಕು ಹಸ್ತಗಳಿಗೆ ಒಂದು ಧನುಸ್ಸು. ಅವಸರ್ಪಿಣಿ ಎಂದರೆ ಇಳಿಯುವ ಕಾಲ. ಆಯುಸ್ಸು, ಎತ್ತರ, ಬಲ ಎಲ್ಲವೂ ಅದರೊಡನೆ ಇಳಿಯುತ್ತವೆ.

ಇದಕ್ಕೂ ಹಿಂದೆ ಭೋಗಭೂಮಿಯ ಕಾಲವಿತ್ತು. ಅಲ್ಲಿಯ ಮನುಷ್ಯರ ಆಯುಸ್ಸನ್ನು ವರ್ಷಗಳಿಂದ ಅಳೆಯಲಾಗದು, ಪಲ್ಯದಿಂದ ಅಳೆಯಬೇಕು. ಒಂದು ಯೋಜನ ಅಗಲ, ಒಂದು ಯೋಜನ ಆಳದ ದುಂಡನೆಯ ಗುಂಡಿಯಲ್ಲಿ ಎಳೆಯ ಕುರಿಮರಿಯ ರೋಮದ ಅತಿ ಸಣ್ಣ ತುಂಡುಗಳನ್ನು ಒತ್ತಿ ತುಂಬಿ, ನೂರು ವರ್ಷಕ್ಕೆ ಒಂದರಂತೆ ಹೊರತೆಗೆದರೆ ಗುಂಡಿ ಬರಿದಾಗುವ ಕಾಲವೇ ವ್ಯವಹಾರಪಲ್ಯ. ಆಯುಸ್ಸನ್ನು ಅಳೆಯುವ ಅದ್ಧಾಪಲ್ಯ ಅದಕ್ಕಿಂತಲೂ ಬಹಳ ದೊಡ್ಡದು. ಉತ್ತಮ ಭೋಗಭೂಮಿಯಲ್ಲಿ ಮೂರು ಪಲ್ಯ, ಮಧ್ಯಮದಲ್ಲಿ ಎರಡು, ಜಘನ್ಯದಲ್ಲಿ ಒಂದು ಪಲ್ಯದ ಬದುಕು. ಅಲ್ಲಿ ಗಂಡು ಹೆಣ್ಣು ಜೋಡಿಯಾಗಿಯೇ ಹುಟ್ಟುತ್ತಾರೆ. ಕೆಲವೇ ವಾರಗಳಲ್ಲಿ ಹರೆಯಕ್ಕೆ ಬರುತ್ತಾರೆ. ಬೇಕಾದುದನ್ನು ಕಲ್ಪವೃಕ್ಷಗಳು ಕೊಡುತ್ತವೆ. ಬೇಸಾಯವಿಲ್ಲ, ವ್ಯಾಪಾರವಿಲ್ಲ, ರೋಗವಿಲ್ಲ, ಮುಪ್ಪೂ ಇಲ್ಲ. ಮುಂದಿನ ಜೋಡಿ ಹುಟ್ಟಿದ ಗಳಿಗೆಯಲ್ಲಿ ಗಂಡು ಒಂದು ಸೀನಿನಿಂದ, ಹೆಣ್ಣು ಒಂದು ಆಕಳಿಕೆಯಿಂದ ಪ್ರಾಣ ಬಿಡುತ್ತಾರೆ. ತಂದೆತಾಯಿಯರ ಮುಪ್ಪನ್ನು ಮಕ್ಕಳು ನೋಡುವುದಿಲ್ಲ. ಮಕ್ಕಳ ಬಾಲ್ಯವನ್ನು ತಂದೆತಾಯಿಯರೂ ನೋಡುವುದಿಲ್ಲ.

ದೇವಲೋಕದ ಲೆಕ್ಕ ಇನ್ನೂ ದೊಡ್ಡದು. ಹತ್ತು ಕೋಟಾಕೋಟಿ ಪಲ್ಯಗಳಿಗೆ ಒಂದು ಸಾಗರ. ಸೌಧರ್ಮ ಮತ್ತು ಐಶಾನ ಸ್ವರ್ಗಗಳಲ್ಲಿ ಎರಡು ಸಾಗರಕ್ಕಿಂತ ಸ್ವಲ್ಪ ಹೆಚ್ಚು, ಎಲ್ಲಕ್ಕೂ ಮೇಲಿನ ಸರ್ವಾರ್ಥಸಿದ್ಧಿಯಲ್ಲಿ 33 ಸಾಗರದ ಆಯುಸ್ಸು. ಸರ್ವಾರ್ಥಸಿದ್ಧಿಯ ದೇವನು 33 ಪಕ್ಷಗಳಿಗೊಮ್ಮೆ ಉಸಿರಾಡುತ್ತಾನೆ. 33,000 ವರ್ಷಗಳಿಗೊಮ್ಮೆ ಅವನಿಗೆ ಆಹಾರದ ಇಚ್ಛೆ ಉಂಟಾಗುತ್ತದೆ. ದೇವರು ಉಪಪಾದ ಶಯ್ಯೆಯಲ್ಲಿ ಹುಟ್ಟಿದ ಅಂತರ್ಮುಹೂರ್ತದಲ್ಲಿಯೇ ಪೂರ್ಣ ಯೌವನವನ್ನು ಪಡೆಯುತ್ತಾರೆ. ಕೊನೆಯವರೆಗೂ ಅದೇ ಯೌವನ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಒಂಬತ್ತು ಶತಮಾನಗಳಿಂದ ಅದೇ ಹರೆಯದಲ್ಲಿ ನಿಂತಿರುವುದನ್ನು ಕಂಡವರಿಗೆ ಮುಪ್ಪಿಲ್ಲದ ದೇಹವೆಂದರೇನೆಂಬುದು ಸ್ವಲ್ಪ ಊಹೆಗೆ ಬರಬಹುದು.

ಆದರೆ ಇಲ್ಲಿ ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. 33 ಸಾಗರವೆಂಬ ಅಂಕಿ ಶಾಸ್ತ್ರದಲ್ಲಿ ಎರಡು ಕಡೆ ಬರುತ್ತದೆ. ಸರ್ವಾರ್ಥಸಿದ್ಧಿಯ ಆಯುಸ್ಸು ಅಷ್ಟೇ. ಏಳನೆಯ ನರಕದ ಪರಮಾಯುಸ್ಸೂ ಅಷ್ಟೇ. ಲೋಕದ ಅತ್ಯುಚ್ಚ ಸುಖಕ್ಕೂ ಅತಿ ಘೋರ ದುಃಖಕ್ಕೂ ಒಂದೇ ಅಳತೆ! ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ: ಆಯುಸ್ಸಿನ ಉದ್ದವು ತನ್ನಷ್ಟಕ್ಕೆ ಲಾಭವೂ ಅಲ್ಲ, ನಷ್ಟವೂ ಅಲ್ಲ.

ಈ ಅಂಕಿಗಳನ್ನು ಕೇಳಿ ನಗುವವರಿದ್ದಾರೆ. ವಿಜ್ಞಾನದ ಆಧಾರದಿಂದ ಅವನ್ನು ಸಾಧಿಸಿಯೇ ತೀರುತ್ತೇವೆಂದು ಹೊರಡುವವರೂ ಇದ್ದಾರೆ. ಪಂಚಮಕಾಲದ ಆರಂಭದಲ್ಲಿ ಮನುಷ್ಯನ ಆಯುಸ್ಸು 120 ವರ್ಷವೆಂದು ಶಾಸ್ತ್ರ ಹೇಳುತ್ತದೆ. ದಾಖಲೆಗಳಿಂದ ದೃಢಪಟ್ಟ ಅತಿ ದೀರ್ಘ ಮಾನವ ಆಯುಸ್ಸು 1997ರಲ್ಲಿ ತೀರಿಕೊಂಡ ಫ್ರಾನ್ಸ್ ದೇಶದ ಜೀನ್ ಕಾಲ್ಮೆಂಟ್ ಎಂಬ ಮಹಿಳೆಯದು. ಆಕೆ 122 ವರ್ಷ ಬದುಕಿದಳು. ಗ್ರೀನ್‌ಲ್ಯಾಂಡಿನ ತಣ್ಣನೆಯ ಕಡಲಿನ ಒಂದು ಜಾತಿಯ ಶಾರ್ಕ್ ಮೀನು ಕನಿಷ್ಠ 272 ವರ್ಷ ಬದುಕಬಲ್ಲುದೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಇಂತಹ ಅಂಕಿಗಳನ್ನು ತಾಳೆ ಹಾಕಿ ಶಾಸ್ತ್ರ ಗೆದ್ದಿತೆಂದೋ ಸೋತಿತೆಂದೋ ತೀರ್ಮಾನಿಸುವುದರಿಂದ ಶ್ರಾವಕನ ಬದುಕಿಗೆ ಬರುವುದೇನೂ ಇಲ್ಲ. ಆಚಾರ್ಯರು ಈ ದೀರ್ಘಾಯುಗಳ ವರ್ಣನೆಯನ್ನು ಏತಕ್ಕಾಗಿ ಬಳಸಿದರು ಎಂಬುದೇ ಮುಖ್ಯವಾದ ಪ್ರಶ್ನೆ.

ಬಾಡಿದ ಮಾಲೆ

ಅದಕ್ಕೆ ಉತ್ತರ ಆದಿಪುರಾಣದಲ್ಲಿ ದೊರೆಯುತ್ತದೆ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ ಈ ಕಥೆಯನ್ನು ಪಂಪನು ಕ್ರಿ.ಶ. 941ರಲ್ಲಿ ಕನ್ನಡಕ್ಕೆ ತಂದನು. ಆದಿನಾಥರ ಹಿಂದಿನ ಭವಗಳಲ್ಲಿ ಒಂದು ಲಲಿತಾಂಗದೇವನ ಭವ. ಐಶಾನ ಸ್ವರ್ಗದಲ್ಲಿ ಸ್ವಯಂಪ್ರಭೆಯೊಡನೆ ಅವನು ಸಾಗರಗಟ್ಟಲೆ ಕಾಲ ಸುಖಿಸಿದನು. ಆಯುಸ್ಸು ಆರು ತಿಂಗಳು ಉಳಿದಾಗ ಅವನ ಕೊರಳಿನ ಮಾಲೆ ಬಾಡಿತು, ಆಭರಣಗಳ ಕಾಂತಿ ಕುಂದಿತು. ಅಷ್ಟು ದೀರ್ಘಕಾಲದಲ್ಲಿ ಒಮ್ಮೆಯೂ ಮುಪ್ಪಿನ ಸುಳಿವನ್ನು ಕಾಣದಿದ್ದ ದೇವನು ಆ ಒಂದು ಮಾಲೆಯನ್ನು ಕಂಡು ತತ್ತರಿಸಿದನು. ಸಾಮಾನಿಕ ದೇವರು ಬಂದು ಸಮಾಧಾನ ಹೇಳಿದ ಮೇಲೆ ಧೈರ್ಯ ತಂದುಕೊಂಡು ಜಿನಬಿಂಬಗಳನ್ನು ಪೂಜಿಸಿದನು. ಚೈತ್ಯವೃಕ್ಷದ ಕೆಳಗೆ ಕುಳಿತು ಪಂಚನಮಸ್ಕಾರವನ್ನು ಉಚ್ಚರಿಸುತ್ತ ಅದೃಶ್ಯನಾದನು. ಮುಂದೆ ವಜ್ರಜಂಘನಾಗಿ ಹುಟ್ಟಿದನು.

ಎರಡನೆಯದು ನೀಲಾಂಜನೆಯ ಪ್ರಸಂಗ. ರಾಜ್ಯಭೋಗದಲ್ಲಿದ್ದ ಆದಿನಾಥರಿಗೆ ವೈರಾಗ್ಯವನ್ನು ಮೂಡಿಸಲೆಂದು ಇಂದ್ರನು ಆಯುಸ್ಸು ಮುಗಿಯಲಿದ್ದ ದೇವನರ್ತಕಿಯನ್ನು ಕುಣಿಯಲು ಕಳುಹಿಸಿದನು. ನೃತ್ಯದ ನಡುವೆಯೇ ಅವಳ ಆಯುಸ್ಸು ತೀರಿ ದೇಹ ಮಿಂಚಿನಂತೆ ಕರಗಿತು. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅಂತಹ ಮತ್ತೊಬ್ಬಳನ್ನು ಸೃಷ್ಟಿಸಿದನು. ಸಭೆಗೆ ವ್ಯತ್ಯಾಸ ತಿಳಿಯಲಿಲ್ಲ, ಆದಿನಾಥರಿಗೆ ತಿಳಿಯಿತು. ಅವರು ರಾಜ್ಯವನ್ನು ಬಿಟ್ಟು ಹೊರಟರು.

ಎರಡು ಕಥೆಗಳಲ್ಲಿಯೂ ಸಾಯುವವರು ಮನುಷ್ಯರಲ್ಲ, ಮನುಷ್ಯನ ಊಹೆಗೂ ಮೀರಿದ ದೀರ್ಘಾಯುಗಳು. ಅವರ ಕೊರತೆ ಆಯುಸ್ಸಿನದಲ್ಲ, ಎಚ್ಚರಿಕೆಯದು. ಮನುಷ್ಯನಿಗಾದರೋ ನಲವತ್ತರಲ್ಲಿ ಕೂದಲು ನರೆಯುತ್ತದೆ, ಐವತ್ತರಲ್ಲಿ ಕಣ್ಣು ಮಂಜಾಗುತ್ತದೆ, ಅರುವತ್ತರಲ್ಲಿ ಮೊಣಕಾಲು ಮಾತನಾಡುತ್ತದೆ. ತಲೆಯಲ್ಲಿ ಒಂದು ನರೆಗೂದಲು ಕಂಡೊಡನೆ ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಟ ಅರಸರ ಕಥೆಗಳು ಪುರಾಣಗಳಲ್ಲಿ ಬರುತ್ತವೆ. ದೇವನಿಗೆ ಸಾಗರಗಳ ಕೊನೆಗೆ ಆರು ತಿಂಗಳ ನೋಟೀಸು. ಮನುಷ್ಯನಿಗೆ ಮೂವತ್ತು ನಲವತ್ತು ವರ್ಷಗಳ ನೋಟೀಸು. ಮುಪ್ಪನ್ನು ಶಾಪವೆಂದು ಭಾವಿಸುವವರು ಈ ಅನುಕೂಲವನ್ನು ಮರೆತಿರುತ್ತಾರೆ.

ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ದೇವರಿಗೆ ಸಮ್ಯಕ್ತ್ವ ಸಾಧ್ಯ, ಆದರೆ ವ್ರತ ಸಾಧ್ಯವಿಲ್ಲ. ಅವರು ನಾಲ್ಕನೆಯ ಗುಣಸ್ಥಾನವನ್ನು ದಾಟಲಾರರು. 33 ಸಾಗರ ಕಳೆದ ಸರ್ವಾರ್ಥಸಿದ್ಧಿಯ ದೇವನೂ ಮೋಕ್ಷಕ್ಕಾಗಿ ಮನುಷ್ಯಭವಕ್ಕೇ ಬರಬೇಕು. ಒಂದು ದಿನದ ಉಪವಾಸವನ್ನು ಇಂದ್ರನೂ ಮಾಡಲಾರ. ಅರಸೀಕೆರೆಯ ಅಂಗಡಿಯ ಗುಮಾಸ್ತ ಮಾಡಬಲ್ಲ.

ಮೂರು ಆಯುಸ್ಸು, ಮೂರು ಪಾಲು

ಈಗ ಮೂರು ಬಸದಿಗಳಿಗೆ ಮರಳಿ, ಆ ಮೂವರು ತೀರ್ಥಂಕರರು ತಮ್ಮ ಆಯುಸ್ಸನ್ನು ಹೇಗೆ ವಿನಿಯೋಗಿಸಿದರೆಂಬುದನ್ನು ಲೆಕ್ಕದ ಪುಸ್ತಕದಂತೆ ತೆರೆದು ನೋಡಬಹುದು.

ಆದಿನಾಥರು 20 ಲಕ್ಷ ಪೂರ್ವ ಕುಮಾರರಾಗಿದ್ದರು. 63 ಲಕ್ಷ ಪೂರ್ವ ರಾಜ್ಯವಾಳಿದರು. ಒಟ್ಟು 83 ಲಕ್ಷ ಪೂರ್ವ ಗೃಹಸ್ಥಾಶ್ರಮದಲ್ಲಿ ಕಳೆಯಿತು. ದೀಕ್ಷೆಯ ನಂತರ ಉಳಿದದ್ದು 1 ಲಕ್ಷ ಪೂರ್ವ, ಎಂದರೆ 84ರಲ್ಲಿ ಒಂದು ಪಾಲು. ಶಾಂತಿನಾಥರು 25,000 ವರ್ಷ ಕುಮಾರರು, 25,000 ವರ್ಷ ಮಂಡಲೇಶ್ವರರು, 25,000 ವರ್ಷ ಚಕ್ರವರ್ತಿಗಳು, ಕೊನೆಯ 25,000 ವರ್ಷ ಮುನಿಗಳು ಮತ್ತು ಕೇವಲಿಗಳು. ಎಂದರೆ ನಾಲ್ಕರಲ್ಲಿ ಒಂದು ಪಾಲು. ಪಾರ್ಶ್ವನಾಥರು 30 ವರ್ಷ ಮನೆಯಲ್ಲಿದ್ದು, ಉಳಿದ 70 ವರ್ಷಗಳನ್ನು ತಪಸ್ಸಿಗೂ ಧರ್ಮೋಪದೇಶಕ್ಕೂ ಕೊಟ್ಟರು. ಎಂದರೆ ಹತ್ತರಲ್ಲಿ ಏಳು ಪಾಲು.

ಆಯುಸ್ಸು 84 ಲಕ್ಷ ಪೂರ್ವದಿಂದ 100 ವರ್ಷಕ್ಕೆ ಕುಸಿಯಿತು. ಆತ್ಮಹಿತಕ್ಕೂ ಲೋಕಹಿತಕ್ಕೂ ಕೊಟ್ಟ ಪಾಲು 84ರಲ್ಲಿ ಒಂದರಿಂದ ಹತ್ತರಲ್ಲಿ ಏಳಕ್ಕೆ ಏರಿತು. ಮಹಾವೀರರು ಇವರ ನಂತರ ಬಂದವರು. ಅವರೂ 30ನೆಯ ವರ್ಷದಲ್ಲಿಯೇ ಮನೆಬಿಟ್ಟರು; 72 ವರ್ಷಗಳಲ್ಲಿ 42 ವರ್ಷ, ಅಂದರೆ ಹನ್ನೆರಡರಲ್ಲಿ ಏಳು ಪಾಲು, ಆತ್ಮಸಾಧನೆಗೆ ಸಂದಿತು. 24 ತೀರ್ಥಂಕರರಲ್ಲಿಯೂ ಈ ಪಾಲು ಒಂದೇ ಕ್ರಮದಲ್ಲಿ ಏರುತ್ತ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಮಲ್ಲಿನಾಥರು 55,000 ವರ್ಷಗಳ ಆಯುಸ್ಸಿನಲ್ಲಿ 100 ವರ್ಷಕ್ಕೇ ದೀಕ್ಷೆ ಪಡೆದರು. ಆದರೆ ಹಳೇಬೀಡಿನ ಆವರಣದಲ್ಲಿರುವ ಮೂವರ ಲೆಕ್ಕವನ್ನು ಒಟ್ಟಿಗೆ ಇಟ್ಟಾಗ ಬರುವ ಅರ್ಥ ಸ್ಪಷ್ಟವಾಗಿದೆ. ಬಂಡವಾಳ ಅಪಾರವಾಗಿದ್ದಾಗ ಒಂದು ಕಾಸಿನ ಉಳಿತಾಯವೂ ದೊಡ್ಡ ಮೊತ್ತವಾಗುತ್ತದೆ. ಬಂಡವಾಳ ಚಿಕ್ಕದಾದಾಗ ರೂಪಾಯಿಗೆ ಹತ್ತಾಣೆಗಿಂತ ಹೆಚ್ಚು ಉಳಿಸಿದರೆ ಮಾತ್ರ ವ್ಯಾಪಾರ ನಿಲ್ಲುತ್ತದೆ. ಚಿಕ್ಕ ಬಂಡವಾಳದವನು ದೊಡ್ಡ ಸಾಹುಕಾರನಂತೆ ಖರ್ಚು ಮಾಡುವುದೇ ಪಂಚಮಕಾಲದ ಮನುಷ್ಯನ ತಪ್ಪು. ಹಣದ ವಿಷಯದಲ್ಲಿ ಆ ತಪ್ಪನ್ನು ಮಾಡದವರೂ ಆಯುಸ್ಸಿನ ವಿಷಯದಲ್ಲಿ ಮಾಡುತ್ತಾರೆ.

ಶಾಸನಗಳು ಎಣಿಸಿದ್ದು ಏನನ್ನು

ಪುರಾಣದಿಂದ ಇತಿಹಾಸಕ್ಕೆ ಬಂದಾಗ ಹೊಯ್ಸಳ ಕಾಲದ ಜೈನರು ಈ ಪಾಠವನ್ನು ಹೇಗೆ ಅರ್ಥ ಮಾಡಿಕೊಂಡಿದ್ದರೆಂಬುದು ಶಾಸನಗಳಲ್ಲಿ ಕಾಣುತ್ತದೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ತಂದೆ ಶೈವ, ತಾಯಿ ಮಾಚಿಕಬ್ಬೆ ಜೈನಳು; ಶಾಂತಲೆಯ ಗುರುಗಳು ಪ್ರಭಾಚಂದ್ರ ಸಿದ್ಧಾಂತದೇವರು. 1117ರಲ್ಲಿ ಬೇಲೂರಿನಲ್ಲಿ ಅರಸನು ಕೇಶವ ದೇವಾಲಯವನ್ನು ಕಟ್ಟಿಸಿದಾಗ ರಾಣಿಯು ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥರನ್ನು ಪ್ರತಿಷ್ಠಾಪಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಅವಳ ಆಯುಸ್ಸು ಮುಗಿಯಿತು. ಮಗಳಿಗಿಂತ ಮೊದಲು ಹೋಗಬೇಕಾದ ತಾಯಿ ಉಳಿದಿದ್ದಳು. ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ ಒಂದು ತಿಂಗಳು ಅನಶನ ನಡೆಸಿ ದೇಹವನ್ನು ಬಿಟ್ಟಳು.

ಇಷ್ಟೆಲ್ಲವನ್ನೂ ಶಾಸನ ಹೇಳುತ್ತದೆ. ತಾಯಿಯ ವಯಸ್ಸೆಷ್ಟು, ಮಗಳ ವಯಸ್ಸೆಷ್ಟು ಎಂಬುದನ್ನು ಹೇಳುವುದಿಲ್ಲ. ಗಂಗರಾಜನ ಮನೆತನದ ದಾಖಲೆಗಳಲ್ಲಿಯೂ ಹಾಗೆಯೇ. ಅವನ ತಾಯಿ ಪೋಚಿಕಬ್ಬೆ ಮತ್ತು ಹೆಂಡತಿ ಲಕ್ಷ್ಮಿ ಇಬ್ಬರೂ 1121ರ ಆಸುಪಾಸಿನಲ್ಲಿ ಸಮಾಧಿ ವಿಧಿಯಿಂದ ದೇಹವನ್ನು ಬಿಟ್ಟರು. ಅವರಿಗೆ ನಿಸಿದಿಗಳಾದವು. ನಿಸಿದಿಗಲ್ಲುಗಳಲ್ಲಿ ಬಹುಪಾಲು ಒಂದೇ ಪದ್ಧತಿ: ಶಕವರ್ಷ, ತಿಥಿ, ವಾರ, ಗುರುಗಳ ಹೆಸರು, ವ್ರತ ನಡೆದ ಬಗೆ, ಕೆಲವು ಕಡೆ ಅನಶನದ ದಿನಗಳ ಎಣಿಕೆ. ಹುಟ್ಟಿದ ದಿನವಿಲ್ಲ, ಬದುಕಿದ ವರ್ಷಗಳ ಮೊತ್ತವಿಲ್ಲ. ಒಂದೊಂದು ದೇವಲೋಕದ ಆಯುಸ್ಸನ್ನೂ ಸಾಗರಗಳಲ್ಲಿ ಲೆಕ್ಕವಿಟ್ಟ ಸಮಾಜ ತನ್ನ ತಾಯಂದಿರ ವಯಸ್ಸನ್ನು ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಅಂಕಿಗಳಲ್ಲಿ ಆಸಕ್ತಿಯಿಲ್ಲದ್ದರಿಂದ ಅಲ್ಲ, ಎಣಿಸಬೇಕಾದುದು ಯಾವುದೆಂದು ತಿಳಿದಿದ್ದರಿಂದ ಹಾಗೆ ಮಾಡಿತು ಎನ್ನಬೇಕು.

ದೋರಸಮುದ್ರದ ಬಾಲಚಂದ್ರ ಪಂಡಿತದೇವರ ನಿಧನ ಇದಕ್ಕೆ ಉಜ್ಜ್ವಲ ಉದಾಹರಣೆ. 1274ರಲ್ಲಿ ಅವರು ತಮ್ಮ ಅಂತ್ಯವನ್ನು ಮೊದಲೇ ಸಂಘಕ್ಕೆ ತಿಳಿಸಿ, ಎಲ್ಲರ ಕ್ಷಮೆಯನ್ನು ಬೇಡಿ, ಸಮಾಧಿಯಿಂದ ದೇಹವನ್ನು ತ್ಯಜಿಸಿದರು. ರಾಜಧಾನಿಯ ಭವ್ಯಜನರು ಗುರುಗಳ ಹಾಗೂ ಪಂಚಪರಮೇಷ್ಠಿಗಳ ಪ್ರತಿಮೆಗಳನ್ನು ಮಾಡಿಸಿ ಪ್ರತಿಷ್ಠಾಪಿಸಿದರು. ಲಲಿತಾಂಗದೇವನು ಮಾಲೆ ಬಾಡಿದ್ದನ್ನು ಕಂಡು ತತ್ತರಿಸಿದ ಆ ಗಳಿಗೆಯನ್ನು ಒಬ್ಬ ಅಲ್ಪಾಯು ಮನುಷ್ಯ ಶಾಂತವಾಗಿ ದಾಟಿದ ಬಗೆ ಇದು.

1220: ಎರಡು ಊರು, ಎರಡು ಬಗೆ

ಎರಡನೆಯ ವೀರಬಲ್ಲಾಳನು 1220ರಲ್ಲಿ ಮಡಿದನು. ಅದೇ ವರ್ಷದ ಎರಡು ನೆನಪುಗಳು ಒಂದೇ ಜಿಲ್ಲೆಯಲ್ಲಿ ಉಳಿದಿವೆ.

ಒಂದು, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭ. ಒಡೆಯನ ಜೀವದೊಡನೆ ತಮ್ಮ ಜೀವವನ್ನು ಕಟ್ಟಿಕೊಂಡವರನ್ನು ಗರುಡರೆನ್ನುತ್ತಿದ್ದರು. ಬಲ್ಲಾಳನ ಮಂತ್ರಿಯೂ ದಂಡನಾಯಕನೂ ಆಗಿದ್ದ ಕುವರ ಲಕ್ಷ್ಮನು ತನ್ನ ಹೆಂಡತಿ ಸುಗ್ಗಲದೇವಿ ಹಾಗೂ ತನ್ನವರೊಡನೆ ಅರಸನಿಗಾಗಿ ಪ್ರಾಣವನ್ನು ಕೊಟ್ಟುದನ್ನು ಆ ಕಂಬ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಚಿತ್ರಗಳು ಅದರ ಮೇಲಿವೆ.

ಇನ್ನೊಂದು, ಅರಸೀಕೆರೆಯ ಸಹಸ್ರಕೂಟ ಜಿನಾಲಯ. ಸಾವಿರ ಜಿನಬಿಂಬಗಳನ್ನು ಒಂದೇ ಕೂಟದಲ್ಲಿ ನಿಲ್ಲಿಸಿದ ಈ ಬಸದಿಯನ್ನು ಕಟ್ಟಿಸಿದವನು 'ವಸುಧೈಕಬಾಂಧವ' ಎಂಬ ಬಿರುದಿನ ರೇಚರಸ. ಇವನು ಮೊದಲು ಕಲಚುರಿಗಳ ದಂಡಾಧಿಪತಿಯಾಗಿದ್ದು, ಆ ರಾಜ್ಯ ಕುಸಿದ ಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದವನು. ಶ್ರವಣಬೆಳಗೊಳದ ಬಳಿಯ ಜಿನನಾಥಪುರದ ಶಾಂತಿನಾಥ ಬಸದಿಯೂ ಅವನದೇ. ಕಲಚುರಿ ರಾಜ್ಯ 12ನೆಯ ಶತಮಾನದ 80ರ ದಶಕದಲ್ಲಿಯೇ ಮುಗಿದಿತ್ತು. ಆಗಲೇ ದಂಡಾಧಿಪತಿಯಾಗಿದ್ದವನು 1220ರ ಹೊತ್ತಿಗೆ ಮುಪ್ಪಿನಲ್ಲಿದ್ದನೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಒಬ್ಬ ಒಡೆಯನ ರಾಜ್ಯ ಅಳಿದುದನ್ನು ಕಂಡ ವೃದ್ಧನು ಇನ್ನೊಬ್ಬ ಒಡೆಯನ ಕಡೆಯ ದಿನಗಳ ಹೊತ್ತಿಗೆ ಸಾವಿರ ಜಿನರನ್ನು ನಿಲ್ಲಿಸಿದನು.

ಕುವರ ಲಕ್ಷ್ಮನ ನಿಷ್ಠೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಅದು ಆ ಕಾಲದ ವೀರಧರ್ಮ. ಆದರೆ ಜೈನ ನೀತಿಯು ಅಂತಹ ಸಾವಿಗೂ ಸಲ್ಲೇಖನಕ್ಕೂ ನಡುವೆ ಗಟ್ಟಿಯಾದ ಗೆರೆಯನ್ನು ಎಳೆದಿದೆ. ರಾಗದಿಂದ, ದ್ವೇಷದಿಂದ, ದುಃಖದ ಆವೇಗದಿಂದ ಶಸ್ತ್ರ ವಿಷಾದಿಗಳ ಮೂಲಕ ಪ್ರಾಣವನ್ನು ಕಳೆದುಕೊಳ್ಳುವುದು ಆತ್ಮಘಾತ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆಯನ್ನು ಬರೆದ, ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಈ ಭೇದವನ್ನು ಒಬ್ಬ ವರ್ತಕನ ದೃಷ್ಟಾಂತದಿಂದ ವಿವರಿಸಿದ್ದಾರೆ. ನಾನಾ ಸರಕುಗಳನ್ನು ಕೂಡಿಟ್ಟ ವರ್ತಕನಿಗೆ ತನ್ನ ಉಗ್ರಾಣ ಹಾಳಾಗುವುದು ಇಷ್ಟವಿಲ್ಲ. ಅಪಾಯ ಬಂದರೆ ಶಕ್ತಿ ಇರುವಷ್ಟು ಅದನ್ನು ತಡೆಯುತ್ತಾನೆ. ತಡೆಯಲು ಅಸಾಧ್ಯವಾದಾಗ ಕಟ್ಟಡದ ಆಸೆ ಬಿಟ್ಟು ಒಳಗಿನ ಸರಕನ್ನು ಉಳಿಸಿಕೊಳ್ಳುತ್ತಾನೆ. ದೇಹವೇ ಉಗ್ರಾಣ, ವ್ರತಶೀಲಗಳೇ ಸರಕು. ಉಗ್ರಾಣಕ್ಕೆ ಬೆಂಕಿ ಹಚ್ಚುವವನು ವರ್ತಕನಲ್ಲ. ಉರಿಯುವ ಉಗ್ರಾಣದೊಳಗೆ ಕುಳಿತು ಗೋಡೆಯನ್ನು ಅಪ್ಪಿಕೊಳ್ಳುವವನೂ ಜಾಣನಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕವು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ—ಇವು ಒದಗಿದಾಗ ಮಾತ್ರ ಸಲ್ಲೇಖನವನ್ನು ವಿಧಿಸುತ್ತದೆ. 'ಪರಿಹಾರವಿಲ್ಲದ' ಎಂಬ ಷರತ್ತನ್ನು ಮರೆಯಬಾರದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಅಪರಾಧವೆಂದು ಪರಿಗಣಿಸುವಂತೆ ಆದೇಶಿಸಿದಾಗ ದೇಶದಾದ್ಯಂತ ಜೈನ ಸಮಾಜ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆಯಾಜ್ಞೆ ನೀಡಿತು. ವ್ರತದ ಹಕ್ಕಿಗಾಗಿ ದನಿ ಎತ್ತಿದ ಸಮಾಜದ ಮೇಲೆ ಇನ್ನೊಂದು ಹೊಣೆಯೂ ಇದೆ. ಮನೆಯವರ ಅಲಕ್ಷ್ಯದಿಂದ ಬದುಕು ಬೇಸರವಾಗಿ ಅನ್ನ ಬಿಡುವ ವೃದ್ಧರ ಸ್ಥಿತಿಗೂ ವ್ರತಕ್ಕೂ ಸಂಬಂಧವಿಲ್ಲ. ಅದು ಆರ್ತಧ್ಯಾನ, ಅದರ ಪಾಪದಲ್ಲಿ ಮನೆಯವರಿಗೂ ಪಾಲಿದೆ.

ಕೊನೆಯ ಮೂರನೆಯ ಪಾಲು

ಮುಪ್ಪಿನ ಬೆಲೆಯನ್ನು ಕರ್ಮಸಿದ್ಧಾಂತ ಇನ್ನೂ ನಿಖರವಾಗಿ ಹೇಳುತ್ತದೆ. ಮುಂದಿನ ಭವದ ಆಯುಃಕರ್ಮದ ಬಂಧ ಯಾವಾಗಲೂ ಆಗುವುದಿಲ್ಲ. ಕರ್ಮಭೂಮಿಯ ಮನುಷ್ಯನಿಗೆ ಆಯುಸ್ಸಿನ ಎರಡು ಪಾಲು ಕಳೆದು ಮೂರನೆಯ ಪಾಲು ಉಳಿದಾಗ ಅದರ ಮೊದಲ ಅವಕಾಶ ಬರುತ್ತದೆ. ಆಗ ಆಗದಿದ್ದರೆ ಉಳಿದುದರ ಮೂರನೆಯ ಪಾಲಿನಲ್ಲಿ. ಹೀಗೆ ಎಂಟು ಅವಕಾಶಗಳು. ಅವುಗಳನ್ನು ಅಪಕರ್ಷಗಳೆಂದು ಕರೆಯುತ್ತಾರೆ. ಒಬ್ಬನ ಆಯುಸ್ಸು 81 ವರ್ಷವೆಂದು ಇಟ್ಟುಕೊಂಡರೆ ಮೊದಲನೆಯದು 54ನೆಯ ವರ್ಷ ತುಂಬಿದಾಗ, ಎರಡನೆಯದು 72 ತುಂಬಿದಾಗ, ಮೂರನೆಯದು 78, ನಾಲ್ಕನೆಯದು 80. ಆಮೇಲೆ ನಾಲ್ಕು ತಿಂಗಳು ಉಳಿದಾಗ, ನಲವತ್ತು ದಿನ ಉಳಿದಾಗ, ಹದಿಮೂರು ದಿನಗಳಷ್ಟು ಉಳಿದಾಗ, ನಾಲ್ಕೂವರೆ ದಿನಗಳಷ್ಟು ಉಳಿದಾಗ. ಎಂಟರಲ್ಲಿಯೂ ಆಗದಿದ್ದರೆ ಕೊನೆಯ ಅಂತರ್ಮುಹೂರ್ತದಲ್ಲಿ ಆಗುತ್ತದೆ.

ಎಂಟು ಅವಕಾಶಗಳಲ್ಲಿ ಏಳು 72ರ ನಂತರ ಬರುತ್ತವೆ. ಲೋಕವು ಯಾವ ವರ್ಷಗಳನ್ನು 'ಕೆಲಸಕ್ಕೆ ಬಾರದ ಕಾಲ' ಎಂದು ಮೂಲೆಗೆ ತಳ್ಳುತ್ತದೆಯೋ ಅದೇ ವರ್ಷಗಳಲ್ಲಿ ಮುಂದಿನ ಭವದ ಕರಾರುಪತ್ರಕ್ಕೆ ಸಹಿ ಬೀಳುತ್ತದೆ. ತನ್ನ ಆಯುಸ್ಸು ಎಷ್ಟೆಂದು ಯಾರಿಗೂ ತಿಳಿಯದು. ಆದ್ದರಿಂದ ತ್ರಿಭಾಗ ಯಾವಾಗ ಬರುವುದೆಂಬುದೂ ತಿಳಿಯದು. ತರುಣನೂ ಎಚ್ಚರವಾಗಿಯೇ ಇರಬೇಕು. ದೇವರಿಗಾದರೋ ಈ ಬಂಧ ಆಯುಸ್ಸಿನ ಕೊನೆಯ ಆರು ತಿಂಗಳಲ್ಲಿ ಆಗುತ್ತದೆ—ಮಾಲೆ ಬಾಡುವ ಅದೇ ಆರು ತಿಂಗಳು. ಲಲಿತಾಂಗನಿಗೆ ಸಾಮಾನಿಕ ದೇವರು ಹೇಳಿದ ಸಮಾಧಾನದ ಬೆಲೆ ಎಷ್ಟೆಂಬುದು ಈಗ ಅರ್ಥವಾದೀತು. ಆ ಗಳಿಗೆಯಲ್ಲಿ ಅವನನ್ನು ಒಂಟಿಯಾಗಿ ಅಳಲು ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಭಾರತವು ಸ್ವತಂತ್ರವಾದಾಗ ಇಲ್ಲಿಯ ಜನರ ಸರಾಸರಿ ಆಯುಸ್ಸು 32 ವರ್ಷಗಳ ಆಸುಪಾಸಿನಲ್ಲಿತ್ತು. ಇಂದು ಸುಮಾರು 70. ಶಿಶುಮರಣ ಇಳಿದುದು, ಲಸಿಕೆ, ಔಷಧ, ಶುದ್ಧ ನೀರು, ಹೊಟ್ಟೆತುಂಬ ಅನ್ನ—ಇವುಗಳಿಂದ ಬಂದ ಈ ಹೆಚ್ಚಳ ದೊಡ್ಡ ಪುಣ್ಯ. ಹಿಂದೆ ಕೆಲವರಿಗೆ ಮಾತ್ರ ದೊರೆಯುತ್ತಿದ್ದ ಕೊನೆಯ ಮೂರನೆಯ ಪಾಲು ಈಗ ಬಹುಜನರಿಗೆ ದೊರೆಯುತ್ತಿದೆ. ಆದರೆ ಅದನ್ನು ಹೇಗೆ ಕಳೆಯಬೇಕೆಂಬ ಸಿದ್ಧತೆ ಅಷ್ಟೇ ವೇಗದಲ್ಲಿ ಬೆಳೆದಿಲ್ಲ. ತಂದೆತಾಯಿಯರನ್ನು ನೋಡಿಕೊಳ್ಳಬೇಕೆಂದು ಹೇಳಲು 2007ರಲ್ಲಿ ದೇಶಕ್ಕೆ ಒಂದು ಕಾಯಿದೆಯೇ ಬೇಕಾಯಿತು. ಕಾಯಿದೆ ಜೀವನಾಂಶವನ್ನು ಕೊಡಿಸಬಹುದು, ಶುಭಪರಿಣಾಮವನ್ನು ಕೊಡಿಸಲಾರದು.

ವೃದ್ಧರ ಕರ್ತವ್ಯ ಒಂದು, ಮನೆಯವರದು ಇನ್ನೊಂದು. ಅರುವತ್ತು ದಾಟಿದ ಮೇಲೂ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚದವನು 83 ಲಕ್ಷ ಪೂರ್ವ ಗೃಹಸ್ಥಾಶ್ರಮದಲ್ಲಿದ್ದ ಆದಿನಾಥರನ್ನು ತನ್ನ ಸಮರ್ಥನೆಗೆ ಕರೆಯಬಾರದು. ಅವನ ಬಳಿ ಉಳಿದಿರುವುದು ಲಕ್ಷ ಪೂರ್ವವಲ್ಲ. ವ್ಯವಹಾರವನ್ನು ಕಾಲಕ್ಕೆ ಸರಿಯಾಗಿ ಒಪ್ಪಿಸುವುದು, ಆಸ್ತಿಯ ಹಂಚಿಕೆಯನ್ನು ಎಚ್ಚರವಿರುವಾಗಲೇ ಮುಗಿಸುವುದು, ಹಳೆಯ ವೈರಗಳಿಗೆ ಪರ್ಯೂಷಣದ ಕ್ಷಮಾವಾಣಿಯಂದು ಬಾಯಿಮಾತಿನಲ್ಲಿ ಅಲ್ಲ, ಎದುರಾಳಿಯ ಮನೆಗೆ ಹೋಗಿ ಮುಕ್ತಾಯ ಹಾಡುವುದು, ದಿನಕ್ಕೆ ಒಂದಿಷ್ಟು ಸ್ವಾಧ್ಯಾಯ—ಇವು ಪಂಚಮಕಾಲದ ಶ್ರಾವಕನಿಗೆ ಸಾಧ್ಯವಾದ ತ್ಯಾಗಗಳು.

ಮಕ್ಕಳೂ ಸೊಸೆಯಂದಿರೂ ಸಾಮಾನಿಕ ದೇವರ ಕೆಲಸವನ್ನು ಮಾಡಬೇಕು. ಕಣ್ಣು ಕಾಣದ ಅಜ್ಜಿಗೆ ಸಂಜೆ ಹತ್ತು ನಿಮಿಷ ಸ್ತೋತ್ರ ಓದಿ ಹೇಳುವುದು, ಕಿವಿ ಕೇಳದ ಅಜ್ಜನನ್ನು ಮನೆಯ ಮಾತುಕತೆಯಿಂದ ಹೊರಗಿಡದಿರುವುದು, ಒಂದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಾಗಲೂ ಸಿಡುಕದೆ ಉತ್ತರಿಸುವುದು—ಇವುಗಳಿಗೆ ಹಣದ ಖರ್ಚಿಲ್ಲ. ಬಸದಿಯ ಜೀರ್ಣೋದ್ಧಾರಕ್ಕೆ ಲಕ್ಷ ರೂಪಾಯಿ ಕೊಟ್ಟು ಶಿಲಾಫಲಕದಲ್ಲಿ ಹೆಸರು ಬರೆಯಿಸುವವನು ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿರುವ ಜೀವಕ್ಕೆ ಆರ್ತಧ್ಯಾನವನ್ನು ಉಂಟುಮಾಡಿದರೆ ಅವನ ಖಾತೆಯಲ್ಲಿ ನಷ್ಟವೇ ಹೆಚ್ಚು. ಬೊಪ್ಪನು ತಂದೆಗಾಗಿ ಬಸದಿಯನ್ನು ಕಟ್ಟಿಸಿದ್ದು ತಂದೆ ತೀರಿದ ಮೇಲೆ. ತಂದೆತಾಯಿ ಇರುವಾಗಲೇ ಅವರ ಕೊನೆಯ ವರ್ಷಗಳನ್ನು ಶಾಂತವಾಗಿಸುವುದು ಕಲ್ಲೂ ಬೇಡದ, ಶಿಲ್ಪಿಯೂ ಬೇಡದ ಜಿನಾಲಯ. ಅದನ್ನು ಕಟ್ಟುವ ಅವಕಾಶ 33 ಸಾಗರ ಬದುಕುವ ದೇವನಿಗಿಲ್ಲ, ಎಪ್ಪತ್ತು ವರ್ಷ ಬದುಕುವ ಮನುಷ್ಯನಿಗಿದೆ.